ಓರ್ಟ್ವಿನ್ ಕ್ನಾಪೆಯ ಜಿಂಕೆಕೊಂಬಿನ ಗಿಡ

ಲೈಪ್ಜಿಗ್ ಊರಿನ ಟ್ರಾಮುಗಳಲ್ಲಿ ಟಿಕೆಟ್ಟಿಲ್ಲದೆ ಕೂತವರನ್ನು ಹಿಡಿಯುವುದು ಓರ್ಟ್ವಿನ್ ಕ್ನಾಪೆಯ ಜೀವಮಾನದ ಕಸುಬು. ಅದರಲ್ಲಿ ಅವನಿಗೆ ಹೆಸರಿತ್ತು. ಬಸುರಿ, ಮುದುಕ, ಅಳುವ ಹುಡುಗಿ, ಯಾರೇ ಇರಲಿ, ಅವನು ಮುಖ ನೋಡುತ್ತಿರಲಿಲ್ಲ, ಚೀಟಿ ನೋಡುತ್ತಿದ್ದ. ಮುಖ ನೋಡಿದರೆ ಕೆಲಸ ಕೆಡುತ್ತದೆ ಎನ್ನುವುದು ಅವನ ಸಿದ್ಧಾಂತ. ನಿವೃತ್ತಿಯ ದಿನ ಜೊತೆಯವರು ಹೂಗುಚ್ಛ ಕೊಟ್ಟು, ಇನ್ನಾದರೂ ಹಾಯಾಗಿರಿ ಎಂದು ಹರಸಿ ಕಳಿಸಿದರು. ಹಾಯಾಗಿರುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ನೆಲವನ್ನು ಪುಟ್ಟ ತೋಟಗಳ ಸಾಲಾಗಿ ಹಂಚಿ ಊರವರಿಗೆ ಗುತ್ತಿಗೆ ಕೊಡುವ ನಮ್ಮ ‘ಸಂಜೆನೆಮ್ಮದಿ’ ತೋಟಗಾರರ ಸಂಘದಲ್ಲಿ ಅವನದೊಂದು ತುಂಡು ತೋಟ ಮೊದಲೇ ಇತ್ತು. ಮುಂದಿನ ವಸಂತಕ್ಕೆ ಅವನು ಸಂಘದ ತಪಾಸಣೆಗಾರನಾಗಿ ಆರಿಸಿ ಬಂದ. ಆರಿಸಿ ಬಂದ ಎಂದರೆ, ಆ ಹುದ್ದೆಗೆ ಬೇರೆ ಯಾರೂ ನಿಂತಿರಲಿಲ್ಲ.

ಅಷ್ಟು ವಯಸ್ಸಾದವನನ್ನು ‘ಅವನು’ ಅನ್ನುವುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಎದುರಿಗೆ ‘ನೀವು’, ಬೆನ್ನ ಹಿಂದೆ ‘ಅವನು’, ಇದು ನಮ್ಮ ತೋಟದ ಸಾಲಿನವರೆಲ್ಲ ಕ್ನಾಪೆಗೆ ಸಲ್ಲಿಸುತ್ತಿದ್ದ ಮರ್ಯಾದೆ. ಕಥೆ ಹೇಳುವಾಗ ಅದನ್ನು ಮೀರಲು ನನಗೇನೂ ಕಾರಣ ಕಾಣುವುದಿಲ್ಲ.

ಸಂಘದಲ್ಲಿ ಕಟ್ಟಳೆಗಳಿಗೆ ಎಂದೂ ಬರವಿರಲಿಲ್ಲ. ಬೇಲಿ ಎದೆಮಟ್ಟ ಮೀರಬಾರದು, ದಾರಿಹೋಕರಿಗೆ ಒಳಗಿನ ಹೂವು ಕಾಣಬೇಕು. ತೋಟದ ಮೂರರಲ್ಲೊಂದು ಪಾಲು ತರಕಾರಿಯೇ ಇರಬೇಕು. ಮಧ್ಯಾಹ್ನ ಊಟದ ನಂತರ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೂಡದು. ಇವೆಲ್ಲ ಹಿಂದೆಯೂ ಇದ್ದವು. ಜನ ತಮ್ಮ ಪಾಡಿಗೆ ಪಾಲಿಸಿಯೋ ಪಾಲಿಸದೆಯೋ ಸುಖವಾಗಿದ್ದರು. ಕ್ನಾಪೆ ಬಂದ ಮೇಲೆ ಕಟ್ಟಳೆಗಳಿಗೆ ಕೈಕಾಲು ಬಂದವು. ಕೆಂಪು ಬಿಳಿ ಪಟ್ಟೆ ಬಳಿದ ಅಳತೆಕೋಲು ಹಿಡಿದು ಶನಿವಾರ ಬೆಳಿಗ್ಗೆ ಅವನು ಸಾಲಿನ ಉದ್ದಕ್ಕೂ ನಡೆಯುತ್ತಿದ್ದ. ಸಂಘದ ಗುಡಿಸಲಿನಲ್ಲಿ ಬಿಯರ್ ತುಂಬಿಕೊಡುವ ಹಿಲ್ಮಾರ್, ಒಂದು ಕಾಲದಲ್ಲಿ ಕ್ರೇನ್ ಓಡಿಸುತ್ತಿದ್ದ ಧಡೂತಿ ಆಳು, ಒಂದು ಬೇಸಿಗೆ ಸೂರ್ಯಕಾಂತಿ ಬೆಳೆದ. ಹೂವು ಬೇಲಿಯ ಮೇಲೆ ತಲೆ ಎತ್ತಿತು. ಹೂವಿಗೆ ಎಚ್ಚರಿಕೆ ಕೊಡಲು ಬರುವುದಿಲ್ಲವಲ್ಲ, ಕ್ನಾಪೆ ಹಿಲ್ಮಾರನಿಗೆ ಕೊಟ್ಟ. ಹಿಲ್ಮಾರ್ ಸೂರ್ಯಕಾಂತಿಯ ಕತ್ತು ಬಗ್ಗಿಸಿ ದಾರದಿಂದ ಕಟ್ಟಿ, ಅದರ ಪಕ್ಕದಲ್ಲಿ ತಾನೂ ಕತ್ತು ಬಗ್ಗಿಸಿ ನಿಂತ. ಕ್ನಾಪೆ ಹೂವನ್ನು ಅಳೆದು ನೋಡಿ, ಈಗ ಸರಿಯಿದೆ ಎಂದು ಹೇಳಿ ಮುಂದೆ ಹೋದ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ, ಅದು ಯಾವ ಕಟ್ಟಳೆಯಲ್ಲೂ ಇಲ್ಲ. ಹೊಸಬರು ತೋಟಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ಪಕ್ಕದವರು ಬೇಲಿಯ ಮೇಲಿನಿಂದ ಪುಟ್ಟ ಲೋಟದಲ್ಲಿ ಬಿಳಿ ಸಾರಾಯಿ ಚಾಚುತ್ತಾರೆ. ಇಬ್ಬರೂ ತಮ್ಮ ತಮ್ಮ ಹೆಸರು ಹೇಳಿ ಗುಟುಕರಿಸುತ್ತಾರೆ. ಅಲ್ಲಿಗೆ ‘ನೀವು’ ಮುಗಿಯಿತು, ‘ನೀನು’ ಶುರುವಾಯಿತು. ಒಮ್ಮೆ ಕೊಟ್ಟ ‘ನೀನು’ ವಾಪಸ್ಸು ಪಡೆಯುವ ಪದ್ಧತಿ ಇಲ್ಲ; ಜಗಳವಾಡಿ ಕೋರ್ಟು ಹತ್ತಿದವರೂ ಕೋರ್ಟಿನೊಳಗೆ ‘ನೀನು’ ಎಂದೇ ಬೈದುಕೊಂಡಿದ್ದಾರೆ. ಲೋಟ ಚಾಚುವುದು ಹಿರಿಯರ ಹಕ್ಕು, ಗಂಡು ಹೆಣ್ಣಿನ ನಡುವೆಯಾದರೆ ಹೆಂಗಸಿನ ಹಕ್ಕು. ಇಡೀ ಸಾಲಿನಲ್ಲಿ ಯಾರೂ ಲೋಟ ಚಾಚದೆ ಉಳಿದವನು ಕ್ನಾಪೆಯೊಬ್ಬ. ಎಲ್ಲರಿಗೂ ಅವನು ‘ನೀವು, ಹೆರ್ ಕ್ನಾಪೆ’, ಅಂದರೆ ಶ್ರೀಯುತ ಕ್ನಾಪೆ. ಅದು ತನ್ನ ಹುದ್ದೆಗೆ ಸಲ್ಲುವ ಗೌರವ ಎಂದು ಅವನು ತಿಳಿದಿದ್ದ. ತಿಳಿದಿರಲಿ ಎಂದು ನಾವೂ ಬಿಟ್ಟಿದ್ದೆವು.

ಒಬ್ಬಳ ಬಾಯಿಂದ ಮಾತ್ರ ಅವನಿಗೆ ಆ ಗೌರವ ಬೇಡವಾಗಿತ್ತು. ಪಕ್ಕದ ತೋಟದ ರೋಸ್ವಿತಾ ಲಿಂಡಿಗ್, ಶಾಲೆಯೊಂದರ ಅಡುಗೆಮನೆ ನಡೆಸಿ ನಿವೃತ್ತಳಾದವಳು, ಗಂಡನನ್ನು ಕಳೆದುಕೊಂಡವಳು. ಭಾನುವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಆಕೆ ಪ್ಲಮ್ ಹಣ್ಣಿನ ಕೇಕು ಮಾಡುತ್ತಿದ್ದಳು, ಬೇಲಿಯ ಮೇಲಿಂದ ಒಂದು ತುಂಡು ಕ್ನಾಪೆಗೂ ಬರುತ್ತಿತ್ತು. “ತಗೊಳ್ಳಿ, ಹೆರ್ ಕ್ನಾಪೆ” ಎನ್ನುತ್ತಿದ್ದಳು. ಕೇಕು ಸಿಹಿ, ‘ತಗೊಳ್ಳಿ’ ಕಹಿ. ಒಂದೇ ಒಂದು ಸಲ ‘ತಗೋ, ಓರ್ಟ್ವಿನ್’ ಎಂದುಬಿಟ್ಟರೆ ಅವನು ಅಳತೆಕೋಲನ್ನು ಮುರಿದು ಒಲೆಗೆ ಹಾಕಲೂ ತಯಾರಿದ್ದ. ಅವನು ಮದುವೆಯಾದವನಲ್ಲ. ಅವನನ್ನು ಬರೀ ಹೆಸರು ಹಿಡಿದು ಕರೆದ ಕೊನೆಯ ವ್ಯಕ್ತಿ ಅವನ ತಾಯಿ, ಆಕೆ ಸತ್ತು ಎಷ್ಟೋ ಕಾಲವಾಗಿತ್ತು. ಆದರೆ ಕೇಳುವಂತಿಲ್ಲ, ಲೋಟ ಹೆಂಗಸಿನ ಕಡೆಯಿಂದಲೇ ಬರಬೇಕು. ಊರವರ ಬೇಲಿ ಅಳೆಯುವವನು ರೂಢಿ ಮುರಿಯುವುದು ಹೇಗೆ? ಹೀಗಾಗಿ ಭಾನುವಾರದಿಂದ ಭಾನುವಾರಕ್ಕೆ ಕಾಯುತ್ತಿದ್ದ.

ಲೋಟ ಯಾಕೆ ಬರುತ್ತಿಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ಸಾಲಿನ ಎಲ್ಲರಿಗೂ ಗೊತ್ತಿತ್ತು. ರೋಸ್ವಿತಾಳ ಗಂಡ ಡೆಟ್ಲೆಫ್ ಬದುಕಿದ್ದಾಗ ಅವರ ತೋಟದ ಮೂಲೆಯಲ್ಲಿ ಒಂದು ವಿನೆಗರ್ ಮರವಿತ್ತು. ಹಿಂದಿನವರು ಅದರ ಹುಳಿ ತೆನೆಗಳನ್ನು ವಿನೆಗರ್ ಜಾಡಿಯೊಳಗೆ ಹಾಕುತ್ತಿದ್ದರಂತೆ, ಅದಕ್ಕೆ ಆ ಹೆಸರು. ಶರತ್ಕಾಲ ಬಂತೆಂದರೆ ಮರ ಬುಡದಿಂದ ತುದಿಯವರೆಗೆ ಕೆಂಪಾಗುತ್ತಿತ್ತು, ಟ್ರಾಮಿನಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಅದಕ್ಕೆ ಒಂದೇ ಕೆಟ್ಟ ಚಾಳಿ, ಬೇರು ಓಡಿದಲ್ಲೆಲ್ಲ ಮರಿ ಹಾಕುವುದು. ಮರಿಗಳು ಕ್ನಾಪೆಯ ಕ್ಯಾರೆಟ್ ಮಡಿಯಲ್ಲೂ ಎದ್ದವು. ಅವನು ಅವನ್ನು ಕಿತ್ತು ಕಂತೆ ಕಟ್ಟಿ, ವಾರ್ಷಿಕ ಸಭೆಯ ಮೇಜಿನ ಮೇಲೆ ಸಾಕ್ಷಿಯೆಂದು ಇಟ್ಟ. ಕಂತೆಯಿಂದ ಒಸರಿದ ಬಿಳಿ ಹಾಲು ಅವನ ಒಳ್ಳೆಯ ಕೋಟಿನ ತೋಳಿಗೆ ಅಂಟಿ ಕಪ್ಪು ಕಲೆಯಾಯಿತು, ಯಾವ ಸಾಬೂನಿಗೂ ಜಗ್ಗಲಿಲ್ಲ. ಆ ಸಿಟ್ಟೂ ಸೇರಿ ಭಾಷಣ ಜೋರಾಯಿತು. ಸಂಘದ ನೆಲದಲ್ಲಿ ವಿನೆಗರ್ ಮರ ನಿಷಿದ್ಧ ಎಂದು ಹೊಸ ಕಟ್ಟಳೆ ಹುಟ್ಟಿತು.

ಡೆಟ್ಲೆಫ್ ಬೇಲಿಯ ಹತ್ತಿರ ಬಂದು ಕೇಳಿದ್ದು ಇಷ್ಟೇ: ಎಲೆ ಉದುರುವ ತನಕ ಬಿಡಿ, ಆಮೇಲೆ ನಾನೇ ಕಡಿಯುತ್ತೇನೆ. ಕಟ್ಟಳೆ ತಿಂಗಳ ಮೊದಲ ತಾರೀಖಿನಿಂದ ಜಾರಿ, ಎಲೆಗಳ ಅನುಕೂಲ ಅದರಲ್ಲಿ ಬರೆದಿಲ್ಲ ಎಂದ ಕ್ನಾಪೆ. ಮರ ಕೆಂಪಗಿರುವಾಗಲೇ ಗರಗಸ ಬಿತ್ತು. ಆ ಚಳಿಗಾಲ ಡೆಟ್ಲೆಫ್ ತೀರಿಕೊಂಡ. ಮರಕ್ಕೂ ಸಾವಿಗೂ ಸಂಬಂಧವಿಲ್ಲ, ಹೃದಯ ಮೊದಲೇ ಸೋತಿತ್ತು ಎಂದರು ವೈದ್ಯರು. ರೋಸ್ವಿತಾಳೂ ಬೇರೆ ಏನೂ ಹೇಳಲಿಲ್ಲ. ಮಣ್ಣಿಗೆ ಬಂದಿದ್ದ ಕ್ನಾಪೆಗೂ ಎಲ್ಲರಂತೆ ಕಾಫಿ ಕೊಟ್ಟು, ಬಂದದ್ದಕ್ಕೆ ಕೃತಜ್ಞತೆ ಹೇಳಿ ಕಳಿಸಿದಳು. ಅವನು ಅದನ್ನು ಸ್ನೇಹದ ಶುರು ಎಂದುಕೊಂಡ.

ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ರೋಸ್ವಿತಾ ಬೇಲಿಯ ಹತ್ತಿರ ನಿಂತು ಹಿಲ್ಮಾರನೊಂದಿಗೆ ಮಾತಾಡುತ್ತ, ಶರತ್ಕಾಲ ಬಂದರೆ ಕಾಫಿ ಹಿಡಿದು ಕೂತು ನೋಡಲು ಒಂದು ಚೂರೂ ಕೆಂಪಿಲ್ಲ ಎಂದಳು. ಕ್ನಾಪೆಯ ಕಿವಿ ದೂರದ ಹುಲ್ಲಿನ ಯಂತ್ರದ ಸದ್ದಿಗೆ ಪಳಗಿದ್ದು, ಈ ಮಾತೂ ಅದಕ್ಕೆ ಬಿತ್ತು. ಮರುದಿನವೇ ಅವನು ಊರಾಚೆಯ ಗಿಡದ ಅಂಗಡಿಗೆ ಹೋಗಿ, ಚಿಕ್ಕದಾಗಿರಬೇಕು, ಎತ್ತರ ಮೀರಬಾರದು, ಶರತ್ಕಾಲದಲ್ಲಿ ಕೆಂಪಾಗಬೇಕು ಎಂದು ಕೇಳಿದ. ಅಂಗಡಿಯ ಹುಡುಗಿ ಒಂದು ಕುಂಡ ತೋರಿಸಿದಳು. ಎಲೆಯಿಲ್ಲದ ಒಂದು ಕಡ್ಡಿ, ಮೈಮೇಲೆಲ್ಲ ಜಿಂಕೆಯ ಎಳೆಕೊಂಬಿನ ಹಾಗೆ ಮಖಮಲ್ಲಿನ ರೋಮ. ಕಡ್ಡಿಗೆ ಕಟ್ಟಿದ್ದ ಚೀಟಿಯಲ್ಲಿ ಕೆಂಡದಂಥ ಮರದ ಚಿತ್ರ, ಕೆಳಗೆ ಹೆಸರು: ಜಿಂಕೆಕೊಂಬಿನ ಸುಮಾಕ್, ಕುಳ್ಳ ಜಾತಿ, ಅಲಂಕಾರಕ್ಕೆ. ಕ್ನಾಪೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಓದಿ ತೃಪ್ತನಾದ. ಚೀಟಿ ಸರಿಯಿದ್ದರೆ ಪ್ರಯಾಣಿಕ ಸರಿ.

ವಿನೆಗರ್ ಮರಕ್ಕೇ ಜಿಂಕೆಕೊಂಬು ಅಂತಲೂ ಹೆಸರು. ನಮ್ಮಲ್ಲಿ ಗುದ್ದಲಿ ಹಿಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾರುವವರು ಕೆಟ್ಟ ಹೆಸರನ್ನು ಚೀಟಿಯ ಮೇಲೆ ಯಾಕೆ ಹಾಕುತ್ತಾರೆ? ಆ ಮರವನ್ನು ಭಾಷಣ ಬಿಗಿದು ಗಡೀಪಾರು ಮಾಡಿಸಿದ್ದ ಮನುಷ್ಯ ಅದನ್ನೇ ಬಗಲಲ್ಲಿ ಅಪ್ಪಿಕೊಂಡು, ಟ್ರಾಮಿನಲ್ಲಿ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಂದ. ರೋಸ್ವಿತಾಳ ಕುರ್ಚಿಗೆ ನೇರವಾಗಿ ಕಾಣುವಂತೆ ತನ್ನ ಬೇಲಿಯ ಒಳಗೆ ನೆಟ್ಟ.

ಮೇ ತಿಂಗಳಲ್ಲಿ ಎಲೆ ಬಂತು. ಕುಳ್ಳ ಜಾತಿಯ ಎಲೆ ಹೊಂಬಣ್ಣದ್ದು, ಸಣ್ಣಗೆ ಸೀಳಿದಂಥದ್ದು. ಡೆಟ್ಲೆಫನದು ಎತ್ತರದ ಹಸಿರು ಮರ. ಹಾಗಾಗಿ ಕ್ನಾಪೆಗೆ ಗುರುತು ಹತ್ತಲಿಲ್ಲ ಎಂದು ಬೇಕಾದರೆ ಅವನ ಪರವಾಗಿ ಹೇಳಬಹುದು. ಉಳಿದವರಿಗೆ ಒಂದು ದಿನವೂ ಬೇಕಾಗಲಿಲ್ಲ. ಮೊದಲು ಕಂಡವನು ಹಿಲ್ಮಾರ್. ಅವತ್ತು ಗುಡಿಸಲಿನಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಸುದ್ದಿಯೇ ಸುದ್ದಿ. ಸಭೆ ಕರೆದು ನಿಲ್ಲಿಸಿ ಕೇಳೋಣ, ಅವನ ಗರಗಸದಿಂದ ಅವನೇ ಕಡಿಯಲಿ ಎಂದು ಹಿಲ್ಮಾರ್ ತೋಳು ಮಡಿಸಿದ. ಮೂಲೆಯಲ್ಲಿ ಕೂತಿದ್ದ ರೋಸ್ವಿತಾ, ಬಿಟ್ಟುಬಿಡಿ, ಗಿಡ ಬೆಳೆಯಲಿ ಎಂದಳು. ಆಕೆಗೆ ಇನ್ನೂ ದೊಡ್ಡ ತಮಾಷೆ ನೋಡುವ ಆಸೆ ಎಂದುಕೊಂಡು ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು.

ಆಮೇಲೆ ಶುರುವಾಯಿತು ಮೆರವಣಿಗೆ. ಒಬ್ಬೊಬ್ಬರಾಗಿ ಕ್ನಾಪೆಯ ಬೇಲಿಯ ಬಳಿ ಬಂದು, ಕೈ ಹಿಂದೆ ಕಟ್ಟಿಕೊಂಡು ಗಿಡ ಹೊಗಳುವುದು. ಹಿಲ್ಮಾರ್ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ.

“ಹೆರ್ ಕ್ನಾಪೆ, ಏನ್ ಚೆಂದ ಇದೆ ನೋಡಿ ಗಿಡ. ಯಾವ ಜಾತೀದು?”

“ಜಿಂಕೆಕೊಂಬು. ನಿಮಗೆಲ್ಲ ಗೊತ್ತಿರಲ್ಲ ಬಿಡಿ.”

“ನಮಗೆಲ್ಲಿಂದ ಗೊತ್ತಾಗ್ಬೇಕು. ಮರಿಗಿರಿ ಹಾಕುತ್ತೇನೋ ಮತ್ತೆ?”

“ಕುಳ್ಳ ಜಾತಿ ರೀ ಇದು. ಶಿಸ್ತಿನ ಗಿಡ.”

ಆ ಮಾತು ಸಂಜೆಗೆ ಗುಡಿಸಲು ತಲುಪಿತು. ಆ ಬೇಸಿಗೆಯೆಲ್ಲ ಯಾರಾದರೂ ಕುಡಿದು ವಾಲಿದರೆ ‘ಶಿಸ್ತಿನ ಗಿಡ’ ಎನ್ನುವುದೇ ಆಯಿತು.

ಕ್ನಾಪೆ ಗಿಡಕ್ಕೆ ಮಾಡಿದ ಆರೈಕೆ ನೋಡಿದರೆ ನಗುವೂ ಬರುತ್ತಿತ್ತು, ಸ್ವಲ್ಪ ಕರುಳೂ ಚುರುಕ್ಕೆನ್ನುತ್ತಿತ್ತು. ಬುಡ ಸಡಿಲವಾಗಿರಲೆಂದು ವಾರ ವಾರ ಗುದ್ದಲಿಯಲ್ಲಿ ಕೆದಕುತ್ತಿದ್ದ. ಈ ಮರದ ಬೇರಿಗೆ ಗಾಯವಾದಷ್ಟೂ ಮರಿ ಹೆಚ್ಚು. ಮೂರನೆಯ ಬೇಸಿಗೆಗೆ ಅವನ ಈರುಳ್ಳಿ ಮಡಿಯ ತುಂಬ ಹೊಂಬಣ್ಣದ ಮರಿಗಳು ಎದ್ದವು. ತನ್ನ ದುಡಿಮೆಗೆ ಗಿಡ ಕೊಟ್ಟ ಬಹುಮಾನವೆಂದು ಅವನು ಹಿಗ್ಗಿದ. ಒಂದೊಂದನ್ನೂ ಕುಂಡಕ್ಕೆ ಎಬ್ಬಿಸಿ, ಶನಿವಾರ ಅಳತೆಕೋಲಿನ ಬದಲು ಕೈಗಾಡಿ ತಳ್ಳಿಕೊಂಡು ಹೊರಟು, ಸಾಲಿನ ಪ್ರತಿಯೊಬ್ಬರಿಗೂ ಹಂಚಿದ. ಎಚ್ಚರಿಕೆ ಬಿಟ್ಟು ಬೇರೇನನ್ನಾದರೂ ಅವನು ಇನ್ನೊಬ್ಬರಿಗೆ ಕೊಟ್ಟದ್ದು ಅದೇ ಮೊದಲು. ನಾವು ಎರಡೂ ಕೈಯಲ್ಲಿ ತೆಗೆದುಕೊಂಡು, ಗಂಭೀರವಾಗಿ ಉಪಕಾರ ಸ್ಮರಿಸಿ, ಅವನು ತಿರುಗಿದ ಮೇಲೆ ಗುಡಿಸಲಿನ ಹಿಂದಿನ ಕಸದ ಗುಂಡಿಗೆ ಸುರಿದೆವು. ಕೊಡುವ ಖುಷಿಯಲ್ಲಿ ಅವನು ಬೇಲಿ ಅಳೆಯುವುದನ್ನೂ ಮರೆತ. ಮನುಷ್ಯ ಸುಧಾರಿಸುತ್ತಿದ್ದಾನೋ ಏನೋ ಎಂಬ ಅನುಮಾನ ನಮಗೆ ಬಂದದ್ದು ಆಗಲೇ. ಸಭೆಯಲ್ಲಿ ಮಾನ ಕಳೆಯುವ ಯೋಚನೆಯೂ ಸ್ವಲ್ಪ ಮಂಕಾಯಿತು.

ಎಲ್ಲಕ್ಕಿಂತ ಒಳ್ಳೆಯ ಮರಿಯನ್ನು ಅವನು ಯಾರಿಗೂ ಕೊಡದೆ ಎತ್ತಿಟ್ಟಿದ್ದ. ಅಕ್ಟೋಬರಿನಲ್ಲಿ ತಾಯಿಗಿಡವೂ ಮರಿಯೂ ಕೆಂಪೇರಿದಾಗ, ಒಂದು ಭಾನುವಾರ ಮಧ್ಯಾಹ್ನ ಕೂದಲು ಒದ್ದೆ ಮಾಡಿ ಬಾಚಿ, ಕೋಟು ತೊಟ್ಟು, ಕುಂಡ ಹಿಡಿದು ಬೇಲಿಯ ಗೇಟು ದಾಟಿದ. ರೋಸ್ವಿತಾ ಒಬ್ಬಳೇ ಕಾಫಿ ಕುಡಿಯುತ್ತ ಕೂತಿದ್ದಳು. ನಿಮ್ಮ ಆ ಮೂಲೆ ಖಾಲಿ ಬಿದ್ದಿದೆ, ಅಲ್ಲಿಗೆಂದು ತಂದೆ ಎಂದ. ಬೆಳಗಿನಿಂದ ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಅದು. ರೋಸ್ವಿತಾ ಕುಂಡವನ್ನು ಬಹಳ ಹೊತ್ತು ನೋಡಿದಳು. ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದಳು. ಅವನು ಹೇಳಿದ. ಇನ್ನೊಂದು ಹೆಸರೂ ಇದೆಯಲ್ಲ ಎಂದಳು. ಅವನಿಗೆ ಗೊತ್ತಿರಲಿಲ್ಲ.

ಆಕೆ ಒಂದು ಎಲೆಯನ್ನು ಕಡ್ಡಿ ಸಮೇತ ಮುರಿದು ಅವನ ಕೈಗೆ ಕೊಟ್ಟಳು. ಮುರಿದ ಕಡೆಯಿಂದ ಬಿಳಿ ಹಾಲು ಒಸರಿ ಅವನ ಬೆರಳಿಗೆ ಅಂಟಿತು. ಕ್ನಾಪೆ ಬೆರಳು ಉಜ್ಜಿ ನೋಡಿದ, ಮೂಸಿದ. ಸಭೆಯ ಮೇಜು, ಕಂತೆ, ಹಾಳಾದ ಕೋಟು ಎಲ್ಲ ಒಟ್ಟಿಗೆ ನೆನಪಿಗೆ ಬಂದಿರಬೇಕು, ಮುಖ ಬಿಳಿಚಿತು. ಆ ಗಳಿಗೆಯಲ್ಲಿ ಅವನು ತಪ್ಪಾಯಿತು ಎಂದಿದ್ದರೆ ಈ ಕಥೆ ಬೇರೆಯಾಗುತ್ತಿತ್ತೋ ಏನೋ. ಅವನು ಗಂಟಲು ಸರಿಮಾಡಿಕೊಂಡು ಹೇಳಿದ್ದು ಬೇರೆ.

“ಕಟ್ಟಳೆಯಲ್ಲಿ ಕುಳ್ಳ ಜಾತಿಯ ಪ್ರಸ್ತಾಪ ಇಲ್ಲ, ಫ್ರೌ ಲಿಂಡಿಗ್.”

ರೋಸ್ವಿತಾ ಎದ್ದು ತೋಟದ ಮನೆಯೊಳಗೆ ಹೋದಳು. ಬರುವಾಗ ಕೈಯಲ್ಲಿ ಬಿಳಿ ಸಾರಾಯಿಯ ಬಾಟಲಿ, ಎರಡು ಪುಟ್ಟ ಲೋಟ. ಕ್ನಾಪೆ ಬೆರಳಿನ ಅಂಟನ್ನು ಕೋಟಿಗೆ ಒರೆಸಿ ನೆಟ್ಟಗೆ ನಿಂತ. ಆಕೆ ಎರಡನ್ನೂ ತುಂಬಿ, ಒಂದನ್ನು ಅವನ ಕಡೆ ಚಾಚಿದಳು.

“ನಾನು ರೋಸ್ವಿತಾ.”

“ನಾನು ಓರ್ಟ್ವಿನ್,” ಎಂದ.

ಇಬ್ಬರೂ ಲೋಟ ತಾಗಿಸಿ ಕುಡಿದರು. ರೋಸ್ವಿತಾ ಲೋಟ ಕೆಳಗಿಟ್ಟಳು.

“ಓರ್ಟ್ವಿನ್, ನೀನೊಬ್ಬ ಕತ್ತೆ,” ಎಂದಳು. “ಎಷ್ಟೋ ವರ್ಷದಿಂದ ಹೇಳ್ಬೇಕು ಅಂತಿದ್ದೆ. ‘ನೀವು ಕತ್ತೆ’ ಅನ್ನೋಕೆ ನಾಲಿಗೆ ತಿರುಗಲ್ಲ. ಅದಕ್ಕೇ ಲೋಟ ತಂದೆ.”

ಅವನು ಅದನ್ನು ಸಲಿಗೆ ಎಂದುಕೊಂಡು ಮುಗುಳ್ನಕ್ಕ.

“ನಗ್ಬೇಡ. ಡೆಟ್ಲೆಫ್ ನಿನ್ನ ಹತ್ರ ಏನು ಕೇಳಿದ್ದ? ಮರ ಉಳಿಸು ಅಂತ ಕೇಳಿದ್ನಾ? ಎಲೆ ಉದುರಲಿ ಅಂದ, ಅಷ್ಟೇ. ಬೇಲಿ ಹಿಡ್ಕೊಂಡು ನಿಂತಿದ್ದ, ಹಿಡೀದೆ ನಿಲ್ಲೋಕೆ ಆಗ್ತಿರಲಿಲ್ಲ. ಒಂದು ಸಲ ಕಣ್ಣೆತ್ತಿ ನೋಡಿದ್ರೆ ನಿನಗೇ ಗೊತ್ತಾಗ್ತಿತ್ತು, ಅವನಿಗೆ ಇನ್ನೊಂದು ಶರತ್ಕಾಲ ಇಲ್ಲ ಅಂತ. ನೀನು ತಾರೀಖು ಹೇಳಿದೆ.”

“ನನಗೆ ಗೊತ್ತಿರಲಿಲ್ಲ,” ಎಂದ ಕ್ನಾಪೆ.

“ನೋಡಿದ್ರೆ ತಾನೇ ಗೊತ್ತಾಗೋದು. ಗರಗಸ ಎಳೆಯೋಕೆ ಅವನ ಕೈಲಿ ಆಗ್ಲಿಲ್ಲ, ಅರ್ಧ ನಾನು ಎಳೆದೆ. ನೀನು ಆ ಕಡೆ ನಿಂತ್ಕೊಂಡು, ಬುಡ ಮಟ್ಟವಾಗಿ ಬರಲಿ ಅಂದೆ.”

ಕ್ನಾಪೆಗೆ ಆ ಮಾತು ನೆನಪಿತ್ತು. ಒಳ್ಳೆಯ ಸಲಹೆ ಕೊಟ್ಟೆನೆಂದೇ ಅವನು ಇಷ್ಟು ದಿನ ತಿಳಿದಿದ್ದ. ಅವನು ಕುಂಡದ ಅಂಚು ಸವರುತ್ತ ನಿಂತ. ಆಮೇಲೆ, ಜೀವನದಲ್ಲಿ ಮೊದಲ ಸಲ ಬಾಯಿಗೆ ಬಂದ ಸಲಿಗೆಯನ್ನು ರುಚಿ ನೋಡುವವನ ಹಾಗೆ ಮೆಲ್ಲಗೆ ಕೇಳಿದ.

“ಮತ್ತೆ ನನ್ನ ಗಿಡ ಯಾವುದು ಅಂತ ಗೊತ್ತಿದ್ದೂ ನೀನು ಯಾಕೆ ಸುಮ್ಮನಿದ್ದೆ, ರೋಸ್ವಿತಾ?”

“ನನಗೊಬ್ಬಳಿಗೇನು, ಎಲ್ಲರಿಗೂ ಗೊತ್ತಿತ್ತು. ಹಿಲ್ಮಾರ್ ನಿನ್ನ ಸಭೇಲಿ ನಿಲ್ಲಿಸ್ತೀನಿ ಅಂದ, ನಾನೇ ಬೇಡ ಅಂದೆ. ಕೆಂಪಗಾಗುತ್ತಲ್ಲ, ಅದಕ್ಕೆ. ಡೆಟ್ಲೆಫ್ ನೆಟ್ಟರೇನು, ಕತ್ತೆ ನೆಟ್ಟರೇನು, ಮರಕ್ಕೇನು ಗೊತ್ತು. ಕಾಫಿ ಹಿಡ್ಕೊಂಡು ಇಲ್ಲಿ ಕೂತ್ಕೊಂಡು ನೋಡ್ತಿದ್ದೆ. ನಿನಗೋಸ್ಕರ ಅಲ್ಲ.”

ಆಕೆ ಎರಡೂ ಲೋಟಗಳನ್ನು ಒಂದರೊಳಗೊಂದು ಇಟ್ಟು, ಬಾಟಲಿಗೆ ಬಿರಡೆ ಒತ್ತಿದಳು.

“ಹೇಳ್ಬೇಕಾದ್ದು ಮುಗೀತು. ಇನ್ನು ನೀವು ಹೊರಡಿ, ಹೆರ್ ಕ್ನಾಪೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಒಮ್ಮೆ ಕೊಟ್ಟದ್ದನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದು ತೊದಲಿದ.

“ಯಾವ ಕಟ್ಟಳೇಲಿ ಬರೆದಿದೆ?” ಎಂದಳು. “ಕುಂಡ ಇಲ್ಲೇ ಇರಲಿ, ಮೂಲೆಗೆ ನಾನೇ ನೆಟ್ಕೋತೀನಿ. ಕಡೀಬೇಕು ಅನ್ನಿಸಿದ್ರೆ ಮೊದಲು ನಿಮ್ಮದನ್ನ ಕಡೀರಿ.”

ಕ್ನಾಪೆ ಗೇಟು ದಾಟಿ ಬಂದ. ತನ್ನ ತೋಟಕ್ಕೆ ಹೋಗಲಿಲ್ಲ, ಕೆಂಪಗೆ ನಿಂತಿದ್ದ ಗಿಡದ ಕಡೆ ನೋಡಲಿಲ್ಲ. ಕಾಲು ಎಳೆದ ಕಡೆ ನಡೆದು ಗುಡಿಸಲು ಸೇರಿದ. ಅಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಹಿಲ್ಮಾರ್ ತನ್ನ ಆಲೂಗಡ್ಡೆ ಮಡಿಯಿಂದ ಲೋಟ ತಾಗಿಸಿದ್ದನ್ನು ಕಣ್ಣಾರೆ ಕಂಡಿದ್ದ. ಮಾತು ಅಷ್ಟು ದೂರ ಕೇಳಿಸಿರಲಿಲ್ಲ. ರೋಸ್ವಿತಾಳೇ ಕ್ಷಮಿಸಿ ಲೋಟ ಕೊಟ್ಟ ಮೇಲೆ ಕೊಡದಿರಲು ನಾವು ಯಾರು ಎಂದು ಅಲ್ಲಿದ್ದವರೆಲ್ಲ ತೀರ್ಮಾನಿಸಿಯಾಗಿತ್ತು. ಅವನು ಕೂರುವ ಮೊದಲೇ ಹಿಲ್ಮಾರ್ ಲೋಟ ಚಾಚಿದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕ್ನಾಪೆ ಎಲ್ಲರಿಗೂ ‘ಓರ್ಟ್ವಿನ್, ಓರ್ಟ್ವಿನ್’ ಎಂದು ಹೇಳುತ್ತ ಕುಡಿದ. ಯಾರ ಲೋಟವನ್ನೂ ಬೇಡ ಎನ್ನಲಿಲ್ಲ.

“ಈಗ ಹೇಳಪ್ಪ ಓರ್ಟ್ವಿನ್,” ಎಂದ ಹಿಲ್ಮಾರ್, ಪಕ್ಕಕ್ಕೆ ಜರುಗಿ ಕೂತು. “ಲೋಟ ತಾಗಿಸಿ ಅವಳು ಮೊದಲು ಏನಂದ್ಳು?”

“ಕತ್ತೆ ಅಂದ್ಳು.”

ಗುಡಿಸಲು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಹಿಲ್ಮಾರ್ ಅವನ ಬೆನ್ನಿಗೆ ಗುದ್ದಿ, ಎಲ್ಲ ಹಾಗೇ ಕಣೋ ಶುರುವಾಗೋದು ಎಂದ. ಅದು ಮುಗಿದೂ ಹೋಯಿತೆಂದು ಹೇಳಲು ಓರ್ಟ್ವಿನ್ ಕ್ನಾಪೆಗೆ ಬಾಯಿ ಬರಲಿಲ್ಲ.